ಗಾಯ ಕಾಣದ ನೋವು: ಸಣ್ಣ ನಾಯಿ ಚೀರಿದಾಗ ಏನು ನೋಡಬೇಕು, ಎಲ್ಲಿಗೆ ಒಯ್ಯಬೇಕು

"ಡಾಕ್ಟರ್ ಸಾಹೇಬ್ರ, ಎತ್ಕೊಂಡ್ರ ಚೀರ್ತದ್ರಿ. ಎಲ್ಲಾ ಕಡೆ ನೋಡೀನ್ರಿ, ಗಾಯ ಅಂತೂ ಏನೂ ಕಾಣ್ವಲ್ದು." ಸಣ್ಣ ನಾಯಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದವರು ವೈದ್ಯರ ಮುಂದೆ ಹೇಳುವುದು ಬಹುತೇಕ ಹೀಗೆಯೇ. ಆಮೇಲೆ ನಡೆಯುವುದೂ ಹೆಚ್ಚುಕಡಿಮೆ ಒಂದೇ. ರಾತ್ರಿಯೆಲ್ಲ ಕುಂಯ್‌ಗುಟ್ಟಿದ ನಾಯಿ ಆಸ್ಪತ್ರೆಯ ಮೇಜಿನ ಮೇಲೆ ಕಿವಿ ನಿಮಿರಿಸಿ ನೆಟ್ಟಗೆ ನಿಲ್ಲುತ್ತದೆ. ಹೊಸ ಜಾಗ, ಔಷಧದ ವಾಸನೆ, ಹೊರಗೆ ಕಟ್ಟಿದ ಎಮ್ಮೆಯ ಕೂಗು, ಇವೆಲ್ಲ ಸೇರಿ ಹುಟ್ಟಿಸುವ ಭಯ ನೋವನ್ನು ಸ್ವಲ್ಪ ಹೊತ್ತು ಅಡಗಿಸಿಬಿಡುತ್ತದೆ. ವೈದ್ಯರು ಮುಟ್ಟಿದರೆ ಸುಮ್ಮನಿರುತ್ತದೆ. ಒಂದು ಸೂಜಿ ಮಾಡಿಸಿಕೊಂಡು ಮನೆಗೆ ಬಂದರೆ ಸಂಜೆ ಮತ್ತೆ ಅದೇ ಚೀರಾಟ.

ಬಸವಕಲ್ಯಾಣ, ಹುಮನಾಬಾದ್‌ಗಳಲ್ಲಿ ಈಗ ಓಣಿಗೊಂದೆರಡು ಮನೆಗಳಲ್ಲಾದರೂ ಸಣ್ಣ ನಾಯಿಗಳಿವೆ. ಎಲ್ಲರೂ 'ಪಾಮೇರಿಯನ್' ಎಂದು ಕರೆಯುವ ಬಿಳಿ ಸ್ಪಿಟ್ಜ್ ಹೆಚ್ಚು, ಜೊತೆಗೆ ಪಗ್, ಲಾಸಾ, ಶಿ ತ್ಸು, ಉದ್ದ ಬೆನ್ನಿನ ಡ್ಯಾಶ್‌ಹಂಡ್. ಆದರೆ ನಮ್ಮ ಬಾಯಲ್ಲಿ ಪಶು ಆಸ್ಪತ್ರೆ ಇನ್ನೂ 'ದನದ ದವಾಖಾನೆ'ಯೇ, ಮತ್ತು ಅದು ಸರಿಯಾದ ಹೆಸರೇ. ಅಲ್ಲಿನ ವೈದ್ಯರ ದಿನದ ಬಹುಭಾಗ ಹೋಗುವುದು ದೇವಣಿ ಹಸು, ಎಮ್ಮೆ, ಆಡು ಕುರಿಗಳ ಆರೈಕೆಗೆ. ಐದು ಕಿಲೋ ತೂಗುವ ನಾಯಿಯ ಒಳನೋವನ್ನು ಹುಡುಕಲು ಅವರಿಗೆ ಸಿಗುವ ಸಮಯ ಕಡಿಮೆ. ಆದ್ದರಿಂದ ಆ ಕೆಲಸದ ಅರ್ಧ ಭಾಗವನ್ನು ಮನೆಯವರೇ ಮಾಡಿಕೊಂಡು ಹೋಗಬೇಕು. ಕಾರಣ ಕಾಣುತ್ತಿಲ್ಲ ಎಂದ ಮಾತ್ರಕ್ಕೆ ಕಾರಣ ಇಲ್ಲವೆಂದಲ್ಲ. 'ದೃಷ್ಟಿ ತಾಗ್ಯಾದ' ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸುವವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನಿವಾಳಿಸಿ ಎರಡು ದಿನ ಕಾಯುವುದರಲ್ಲಿ ಕೆಲವು ನಾಯಿಗಳ ಹಿಂಗಾಲು ಶಾಶ್ವತವಾಗಿ ಹೋಗುತ್ತವೆ. ಅದಕ್ಕೇ ಈ ಲೇಖನ.

ಚೀರದ ನೋವೇ ಹೆಚ್ಚು

ಚೀರುವುದು ನೋವಿನ ಒಂದು ಗುರುತು ಮಾತ್ರ. ಬಹಳಷ್ಟು ನಾಯಿಗಳು ನೋವಿದ್ದರೂ ಬಾಯಿ ಬಿಡುವುದಿಲ್ಲ. ಅವುಗಳ ನಡವಳಿಕೆ ಬದಲಾಗುತ್ತದೆ, ಅಷ್ಟೆ. ಬೈಕಿನ ಸದ್ದಿಗೆ ಬಾಗಿಲಿಗೆ ಓಡುತ್ತಿದ್ದದ್ದು ಮಲಗಿದಲ್ಲಿಂದಲೇ ಬಾಲ ಆಡಿಸುತ್ತದೆ. ಮಂಚಕ್ಕೆ ಒಂದೇ ಜಿಗಿತಕ್ಕೆ ಏರುತ್ತಿದ್ದದ್ದು ಮುಂಗಾಲು ಇಟ್ಟು ಯೋಚಿಸಿ ಹಿಂದೆ ಸರಿಯುತ್ತದೆ. ಮಕ್ಕಳೊಂದಿಗೆ ಉರುಳಾಡುತ್ತಿದ್ದದ್ದು ಕಾಟಿನ ಕೆಳಗೆ ಸೇರಿಕೊಂಡು, ಕೈ ಚಾಚಿದರೆ ಗುರ್ ಎನ್ನುತ್ತದೆ. ರಾತ್ರಿ ಮಲಗುವ ಭಂಗಿಯನ್ನು ಮತ್ತೆ ಮತ್ತೆ ಬದಲಿಸುತ್ತದೆ. ಚಳಿಯಿಲ್ಲದಿದ್ದರೂ ನಡುಗುತ್ತದೆ. ಒಂದೇ ಜಾಗವನ್ನು, ಮುಂಗಾಲಿನ ಮಣಿಕಟ್ಟನ್ನೋ ಸೊಂಟದ ಪಕ್ಕವನ್ನೋ, ಕೂದಲು ಕೆಂಪಾಗುವವರೆಗೆ ನೆಕ್ಕುತ್ತದೆ. ಮನೆಯಲ್ಲೇ ಉಚ್ಚೆ ಹೊಯ್ಯಲು ಶುರುಮಾಡುತ್ತದೆ. ಅದು ಹಟವಲ್ಲ, ಮೆಟ್ಟಿಲಿಳಿಯಲು ಆಗುತ್ತಿಲ್ಲ ಎಂದರ್ಥ ಇರಬಹುದು.

ವಯಸ್ಸಾದ ನಾಯಿ ಮಂಕಾದರೆ 'ಮುದಿಯಾಯಿತು ಬಿಡಿ' ಎನ್ನುವ ರೂಢಿ ನಮ್ಮಲ್ಲಿದೆ. ಇದನ್ನು ನಾನು ಒಪ್ಪುವುದಿಲ್ಲ. ಮುಪ್ಪು ರೋಗವಲ್ಲ. ಮುದಿ ನಾಯಿಯ ಮಂಕಿನ ಹಿಂದೆ ಹಲ್ಲಿನ ಬೇರಿನ ಕೀವೋ ಕೀಲುನೋವೋ ಇರುವುದು ತೀರಾ ಸಾಮಾನ್ಯ, ಮತ್ತು ಎರಡಕ್ಕೂ ಚಿಕಿತ್ಸೆ ಇದೆ. ನೋವನ್ನು ಅಧ್ಯಯನ ಮಾಡುವ ಅಂತರರಾಷ್ಟ್ರೀಯ ಸಂಘವು 2020ರಲ್ಲಿ ನೋವಿನ ವ್ಯಾಖ್ಯೆಯನ್ನು ಪರಿಷ್ಕರಿಸಿದಾಗ, ಹೇಳಿಕೊಳ್ಳಲು ಬಾರದ ಜೀವಕ್ಕೂ ನೋವಿರಬಹುದು ಎಂಬುದನ್ನು ಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಸೇರಿಸಿತು. ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದವರು ನಾಯಿಗಳ ನೋವನ್ನು ಅಂಕ ಹಾಕಿ ಅಳೆಯುವ ಒಂದು ಪಟ್ಟಿಯನ್ನೇ ಮಾಡಿದ್ದಾರೆ. ನಾಯಿ ಸದ್ದು ಮಾಡುತ್ತದೆಯೇ, ಯಾವುದಾದರೂ ಜಾಗವನ್ನು ನೆಕ್ಕುತ್ತದೆಯೇ, ಹೇಗೆ ಏಳುತ್ತದೆ, ಒತ್ತಿದರೆ ಏನು ಮಾಡುತ್ತದೆ, ಮನಃಸ್ಥಿತಿ ಹೇಗಿದೆ, ಹೇಗೆ ಮಲಗಿದೆ ಎಂಬಂಥ ಪ್ರಶ್ನೆಗಳು ಅದರಲ್ಲಿವೆ. ಒಟ್ಟು 24 ಅಂಕಗಳಲ್ಲಿ 6 ಅಥವಾ ಅದಕ್ಕಿಂತ ಹೆಚ್ಚು ಬಂದರೆ ನೋವಿನ ಔಷಧ ಬೇಕೆಂದು ವೈದ್ಯರು ಪರಿಗಣಿಸುತ್ತಾರೆ. ಮುಖ್ಯವಾಗಿ ಶಸ್ತ್ರಚಿಕಿತ್ಸೆಯಾದ ನಾಯಿಗಳಿಗೆ ಬಳಸುವ ಅಳತೆ ಅದು. ಆದರೆ ಅದೇ ಪ್ರಶ್ನೆಗಳನ್ನು ಮನೆಯಲ್ಲಿ ಕೇಳಿಕೊಳ್ಳಲು ಯಾವ ಅಡ್ಡಿಯೂ ಇಲ್ಲ.

ಮುಟ್ಟುವ ಮೊದಲು ನೋಡಿ, ನೋಡುತ್ತಲೇ ವಿಡಿಯೊ ಮಾಡಿ

ನೋವಿನಲ್ಲಿರುವ ನಾಯಿ ಸಾಕಿದವರನ್ನೂ ಕಚ್ಚುತ್ತದೆ. ಮೊದಲು ಮೂರು ಅಡಿ ದೂರ ಕುಳಿತು ನೋಡಿ. ಬೆನ್ನು ಕಮಾನಿನಂತೆ ಬಾಗಿದೆಯೇ? ತಲೆ ಎತ್ತಿ ನೋಡುತ್ತದೆಯೋ, ಅಥವಾ ಕುತ್ತಿಗೆ ಅಲ್ಲಾಡಿಸದೆ ಕಣ್ಣುಗುಡ್ಡೆಯನ್ನಷ್ಟೇ ತಿರುಗಿಸುತ್ತದೆಯೋ? ಯಾವ ಕಾಲಿನ ಮೇಲೆ ಭಾರ ಹಾಕುತ್ತಿಲ್ಲ?

ಈ ಹೊತ್ತಿನಲ್ಲೇ ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ. ನಿದ್ದೆಯಿಂದ ಎದ್ದ ಮೊದಲ ಹತ್ತು ಹೆಜ್ಜೆ, ಎದುರಿನಿಂದ, ಹಿಂದಿನಿಂದ, ಪಕ್ಕದಿಂದ. ನುಣುಪು ನೆಲದ ಮೇಲಲ್ಲ, ಅಂಗಳದ ಮಣ್ಣಿನ ಮೇಲೆ ನಡೆಸಿ. ಚೀರುವ ಕ್ಷಣ ಸಿಕ್ಕರೆ ಒಳ್ಳೆಯದೇ, ಆದರೆ ವಿಡಿಯೊಗಾಗಿ ನೋವು ಕೊಟ್ಟು ಚೀರಿಸಬೇಡಿ. ಆಸ್ಪತ್ರೆಯಲ್ಲಿ ಮುಚ್ಚಿಟ್ಟುಕೊಳ್ಳುವುದನ್ನು ನಾಯಿ ಮನೆಯಲ್ಲಿ ಮುಚ್ಚಿಡುವುದಿಲ್ಲ. ವೈದ್ಯರಿಗೆ ಅರ್ಧ ಗಂಟೆಯ ವಿವರಣೆಗಿಂತ ಅರ್ಧ ನಿಮಿಷದ ಈ ವಿಡಿಯೊ ಹೆಚ್ಚು ಹೇಳುತ್ತದೆ.

ಆಮೇಲೆ, ನಾಯಿ ಒಪ್ಪಿದರೆ, ನೋವಿಲ್ಲದ ಕಡೆಯಿಂದ ಶುರುಮಾಡಿ ನಿಧಾನವಾಗಿ ಕೈಯಾಡಿಸಿ. ಮೊದಲು ಪಾದ. ಬೆರಳುಗಳ ಸಂದು ಬಿಡಿಸಿ ನೋಡಿ. ನಮ್ಮ ಹೊಲಗಳ ನೆಗ್ಗಿಲ ಮುಳ್ಳು, ಜಾಲಿ ಮುಳ್ಳು ಅಲ್ಲಿ ಮುರಿದುಕೊಂಡಿದ್ದರೆ ಮೇಲಿನಿಂದ ಏನೂ ಕಾಣುವುದಿಲ್ಲ. ಸ್ಪಿಟ್ಜ್‌ನ ದಟ್ಟ ಕೂದಲಲ್ಲಂತೂ ಬೆರಳಿಗೆ ತಾಗಿದರಷ್ಟೇ ಗೊತ್ತು. ಉಗುರು ಬುಡದಲ್ಲಿ ಸೀಳಿದೆಯೇ ನೋಡಿ. ಬೇಸಿಗೆಯಾದರೆ ಪಾದದ ಮೆತ್ತೆ ಸುಟ್ಟಿದೆಯೇ ನೋಡಿ. ಮಧ್ಯಾಹ್ನದ ಡಾಂಬರು ರಸ್ತೆಗೆ ಅಷ್ಟು ಸಾಕು. ನಂತರ ಕಿವಿ. ವಾಸನೆ ಬರುತ್ತಿದ್ದರೆ, ಕಪ್ಪು ಕಸ ಇದ್ದರೆ, ತಲೆ ಒಂದೇ ಕಡೆ ವಾಲಿಸುತ್ತಿದ್ದರೆ ನೋವು ಅಲ್ಲಿದೆ. ಮಳೆಗಾಲ ಮುಗಿದ ಮೇಲೆ ಒಣ ಹುಲ್ಲಿನ ಚೂಪಾದ ತೆನೆಮುಳ್ಳು ಕಿವಿಯೊಳಗೆ ಇಳಿಯುವುದುಂಟು. ಕಡ್ಡಿ ಹಾಕಿ ತೆಗೆಯಲು ಹೋಗಬೇಡಿ, ಅದು ಒಳಕ್ಕೇ ಸರಿಯುತ್ತದೆ. ನಂತರ ತುಟಿ ಎತ್ತಿ ಹಲ್ಲು, ಒಸಡು. ಕೊನೆಗೆ ಹೊಟ್ಟೆ. ಎರಡೂ ಅಂಗೈಗಳನ್ನು ಪಕ್ಕದಲ್ಲಿಟ್ಟು ಮೆಲ್ಲಗೆ ಒತ್ತಿದಾಗ ಹೊಟ್ಟೆ ಹಲಗೆಯಂತೆ ಬಿಗಿಯಾಗುತ್ತದೆಯೇ?

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ನಾಯಿಗೆ ರೇಬೀಸ್ ಲಸಿಕೆ ಆಗಿಲ್ಲದಿದ್ದರೆ, ಅಥವಾ ಬೀದಿನಾಯಿ ಕಚ್ಚಿದ್ದಿರಬಹುದು ಎಂಬ ಸಂಶಯವಿದ್ದರೆ, ಮತ್ತು ಅದರ ಬೊಗಳುವ ದನಿ ಬದಲಾಗಿ, ಜೊಲ್ಲು ಸುರಿದು, ನುಂಗಲಾಗದೆ ಒದ್ದಾಡುತ್ತಿದ್ದರೆ ಬಾಯೊಳಗೆ ಕೈ ಹಾಕಲೇಬೇಡಿ. 'ಗಂಟಲಲ್ಲಿ ಎಲುಬು ಸಿಕ್ಕಿದೆ' ಎಂದುಕೊಂಡು ಕೈ ಹಾಕಿದವರಿಗೆ ಜೀವಕ್ಕೇ ಅಪಾಯ. ಕಚ್ಚಿದರೆ, ಜೊಲ್ಲು ಗಾಯಕ್ಕೆ ತಾಗಿದರೆ ಹದಿನೈದು ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಶುರುಮಾಡಿಸಿ.

ಬೆನ್ನು ಮತ್ತು ಕುತ್ತಿಗೆ: ಕಾಯಲು ಸಮಯ ಕೊಡದ ನೋವು

ಸಣ್ಣ ನಾಯಿಯಲ್ಲಿ ಕಾರಣ ಸಿಗದ ನೋವು ಎಂದಾಗ ನನ್ನ ಮನಸ್ಸು ಮೊದಲು ಹೋಗುವುದು ಬೆನ್ನುಮೂಳೆಗೆ. ಮೂಳೆಯ ಮಣಿಗಳ ನಡುವೆ ಗಾದಿಯಂತೆ ಮೆತ್ತಗಿರುವ ಡಿಸ್ಕ್‌ಗಳಿವೆ. ಡ್ಯಾಶ್‌ಹಂಡ್, ಶಿ ತ್ಸು, ಬೀಗಲ್‌ನಂಥ ಕೆಲವು ತಳಿಗಳಲ್ಲಿ ಈ ಡಿಸ್ಕ್ ಎಳೆಯ ಪ್ರಾಯದಲ್ಲೇ ಒಣಗಿ ಗಟ್ಟಿಯಾಗುತ್ತದೆ. ಇದು ಹುಟ್ಟಿನಿಂದ ಬಂದ ಗುಣ. ಮೂರರಿಂದ ಏಳು ವರ್ಷದ ನಡುವೆ ಒಂದು ದಿನ ಮಂಚದಿಂದ ಜಿಗಿದಾಗಲೋ, ಏನೂ ಮಾಡದೆಯೋ ಅದು ಬಿರಿದು ಬೆನ್ನುಹುರಿಯನ್ನು ಒತ್ತುತ್ತದೆ.

ಗುರುತುಗಳು ದಾರಿ ತಪ್ಪಿಸುತ್ತವೆ. ಬೆನ್ನು ನೋಯುವ ನಾಯಿ ಹೊಟ್ಟೆಯನ್ನು ಬಿಗಿಹಿಡಿಯುವುದರಿಂದ ಮನೆಯವರು 'ಹೊಟ್ಟೆನೋವು' ಎಂದು ಓಮಿನ ನೀರು ಕುಡಿಸುತ್ತಾರೆ. ಕುತ್ತಿಗೆ ನೋಯುವ ನಾಯಿ ನೆಲದ ಮೇಲಿನ ತಟ್ಟೆಗೆ ತಲೆ ಬಗ್ಗಿಸಲಾರದೆ ಊಟ ಬಿಡುತ್ತದೆ, ಮನೆಯವರು 'ಹಸಿವಿಲ್ಲ' ಎನ್ನುತ್ತಾರೆ. ತಟ್ಟೆಯನ್ನು ಅದರ ಬಾಯಿಯ ಎತ್ತರಕ್ಕೆ ಹಿಡಿದು ನೋಡಿ. ಗಬಗಬನೆ ತಿಂದರೆ ಹಸಿವು ಸರಿಯಿದೆ, ಕುತ್ತಿಗೆಯನ್ನು ಪರೀಕ್ಷಿಸಬೇಕು. ಕಂಕುಳಿಗೆ ಕೈಹಾಕಿ ಎತ್ತಿದ ಕೂಡಲೇ ಚೀರುವುದು, ಬಾಲ ಕೆಳಗಿಳಿದು ಸಣ್ಣ ಸಣ್ಣ ಹೆಜ್ಜೆ ಇಡುವುದು, ಕುಳಿತಲ್ಲೇ ನಡುಗುವುದು ಇವೂ ಅದರದೇ ಗುರುತು.

ಮನೆಯಲ್ಲಿ ಮಾಡಬಹುದಾದ ಒಂದು ಪರೀಕ್ಷೆ ಇದೆ. ನಾಯಿಯನ್ನು ನಿಲ್ಲಿಸಿ, ಹೊಟ್ಟೆಯ ಕೆಳಗೆ ಒಂದು ಕೈಯಾಸರೆ ಕೊಟ್ಟು, ಹಿಂಗಾಲಿನ ಒಂದು ಪಾದವನ್ನು ಮೆಲ್ಲಗೆ ಮಡಚಿ ಪಾದದ ಮೇಲ್ಭಾಗ ನೆಲಕ್ಕೆ ತಾಗುವಂತೆ ಇಡಿ. ಸರಿಯಿರುವ ನಾಯಿ ತಕ್ಷಣ ಪಾದವನ್ನು ತಿರುಗಿಸಿ ನೇರ ಮಾಡಿಕೊಳ್ಳುತ್ತದೆ. ಮಡಚಿದ್ದನ್ನು ಹಾಗೆಯೇ ಬಿಟ್ಟುಕೊಂಡು ನಿಂತರೆ ಬೆನ್ನುಹುರಿಯ ಸುದ್ದಿ ಪಾದಕ್ಕೆ ತಲುಪುತ್ತಿಲ್ಲ. ಹಿಂಭಾಗ ತೂರಾಡುವುದು, ಉಗುರು ನೆಲಕ್ಕೆ ಉಜ್ಜುವ ಸದ್ದು, ಕಾಲೆಳೆಯುವುದು, ಉಚ್ಚೆ ಬರದೆ ಹೊಟ್ಟೆ ಉಬ್ಬುವುದು ಅಥವಾ ತಾನಾಗಿ ಸೋರುವುದು, ಇವುಗಳಲ್ಲಿ ಒಂದು ಕಂಡರೂ ನಾಳೆಯವರೆಗೆ ಕಾಯಬೇಡಿ. ಕಾಲ್ಬೆರಳಿನ ಮೂಳೆಯನ್ನು ವೈದ್ಯರು ಇಕ್ಕಳದಿಂದ ಒತ್ತಿದಾಗ ನಾಯಿಗೆ ನೋವಿನ ಅರಿವು ಉಳಿದಿದ್ದರೆ, ಶಸ್ತ್ರಚಿಕಿತ್ಸೆಯ ನಂತರ ಮತ್ತೆ ನಡೆಯುವ ಸಾಧ್ಯತೆ ಬಹಳ ಹೆಚ್ಚು. ಆ ಅರಿವು ಹೋದ ಮೇಲೆ ಸಾಧ್ಯತೆ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಬರೀ ನೋವಿದ್ದು ಕಾಲುಗಳು ಸರಿಯಿದ್ದರೆ ಬಹಳಷ್ಟು ನಾಯಿಗಳು ಔಷಧ ಮತ್ತು ಕಟ್ಟುನಿಟ್ಟಿನ ವಿಶ್ರಾಂತಿಯಿಂದಲೇ ಸುಧಾರಿಸುತ್ತವೆ. ಕಟ್ಟುನಿಟ್ಟು ಎಂದರೆ ಕನಿಷ್ಠ ನಾಲ್ಕು ವಾರ ಸಣ್ಣ ಜಾಗದಲ್ಲಿ ಇರಿಸುವುದು. ಪಂಜರ ಇಲ್ಲದಿದ್ದರೆ ಗೋಡೆ ಮೂಲೆಗೆ ಎರಡು ಟ್ರಂಕು ಅಡ್ಡ ಇಟ್ಟರೂ ಸಾಕು. ಉಚ್ಚೆಗೆ, ಹೇಲಿಗೆ ಹಗ್ಗ ಕಟ್ಟಿ ಹೊರಗೊಯ್ದು ವಾಪಸು ಕರೆತರಬೇಕು. ಓಟವಿಲ್ಲ, ಜಿಗಿತವಿಲ್ಲ, ಮೆಟ್ಟಿಲಿಲ್ಲ. ಮೂರನೆಯ ದಿನ ಗುಳಿಗೆಯಿಂದ ನೋವು ಇಳಿದು ನಾಯಿ ಕುಣಿಯತೊಡಗಿದಾಗ ಮನೆಯವರಿಗೆ ಕನಿಕರ ಬಂದು ಬಿಟ್ಟುಬಿಡುತ್ತಾರೆ. ಹೆಚ್ಚಿನ ಅನಾಹುತ ಆಗುವುದು ಆಗಲೇ, ಏಕೆಂದರೆ ನೋವು ಹೋದ ನಾಯಿಗೆ ಡಿಸ್ಕ್ ಇನ್ನೂ ಹಸಿಯಿದೆ ಎಂಬುದು ತಿಳಿಯದು.

ಇಲ್ಲಿ ನಮ್ಮ ಕಡೆಯ ಮನೆಗಳ ಬಗ್ಗೆ ಒಂದು ಮಾತು. ಶಹಾಬಾದಿ ಫರಸಿ ಹಾಸಿದ ನೆಲ ಬೇಸಿಗೆಯಲ್ಲಿ ತಂಪು, ನಿಜ. ವರ್ಷಗಟ್ಟಲೆ ಒರೆಸಿ ಒರೆಸಿ ಅದು ಕನ್ನಡಿಯಷ್ಟು ನುಣುಪಾಗಿರುತ್ತದೆ. ಪಾದದಡಿ ಕೂದಲು ಬೆಳೆದ ಸ್ಪಿಟ್ಜ್ ಅದರ ಮೇಲೆ ತಿರುವು ತೆಗೆದುಕೊಂಡಾಗಲೆಲ್ಲ ಹಿಂಗಾಲು ಜಾರುತ್ತದೆ. ನಾಯಿ ಓಡಾಡುವ ದಾರಿಯಲ್ಲಿ ಗೋಣಿತಟ್ಟು, ಹಳೇ ಕೌದಿ, ರಬ್ಬರ್ ಮ್ಯಾಟ್ ಏನಾದರೂ ಹಾಸಿ. ಕೌದಿಯಾದರೆ ಜಾರದಂತೆ ಅಂಚನ್ನು ಮಂಚದ ಕಾಲಿನಡಿ ಸಿಕ್ಕಿಸಿ. ಪಾದದಡಿಯ ಕೂದಲು ಕತ್ತರಿಸಿ, ಉಗುರು ಸಣ್ಣದಿರಲಿ. ಖರ್ಚಿಲ್ಲದ ಇಷ್ಟು ಕೆಲಸದಿಂದ ಬೆನ್ನಿಗೂ ಮಂಡಿಗೂ ಬೀಳುವ ಹೊಡೆತ ಕಡಿಮೆಯಾಗುತ್ತದೆ.

ಕುಂಟು, ಉಣ್ಣಿ ಮತ್ತು ಜ್ವರ

ನಡೆಯುತ್ತ ನಡೆಯುತ್ತ ಒಂದು ಹಿಂಗಾಲು ಎತ್ತಿ ನಾಲ್ಕೈದು ಹೆಜ್ಜೆ ಕುಪ್ಪಳಿಸಿ, ಮತ್ತೆ ಏನೂ ಆಗದವರಂತೆ ನಡೆಯುತ್ತದೆಯೇ? ಮಂಡಿಚಿಪ್ಪು ತನ್ನ ಹಳ್ಳದಿಂದ ಜಾರಿ ಮತ್ತೆ ಕೂರುತ್ತಿದೆ. ಪಾಮೇರಿಯನ್‌ನಂಥ ಸಣ್ಣ ತಳಿಗಳಲ್ಲಿ ಇದು ಮಾಮೂಲು. ಇದರಲ್ಲಿ ನಾಲ್ಕು ಹಂತಗಳಿವೆ. ಮೊದಲ ಹಂತಕ್ಕೆ ತೂಕ ಇಳಿಸಿದರೆ ಸಾಕಾಗಬಹುದು, ಮೇಲಿನ ಹಂತಗಳಿಗೆ ಶಸ್ತ್ರಚಿಕಿತ್ಸೆ ಬೇಕಾದೀತು. ಆದರೆ ಇನ್ನೂ ವರ್ಷ ತುಂಬದ ಸಣ್ಣ ನಾಯಿ ವಾರಗಟ್ಟಲೆ ಒಂದೇ ಹಿಂಗಾಲು ಕುಂಟಿ, ಆ ತೊಡೆ ಬಡವಾಗುತ್ತ ಬಂದರೆ ಎಕ್ಸ್‌ರೇ ತೆಗೆಸಲೇಬೇಕು. ತೊಡೆಮೂಳೆಯ ತಲೆಗೆ ರಕ್ತ ಸಿಗದೆ ಅದು ಸವೆಯುವ ರೋಗವೊಂದು ಸಣ್ಣ ತಳಿಗಳ ಮರಿಗಳಿಗೇ ಬರುತ್ತದೆ.

ಇವತ್ತು ಈ ಕಾಲು, ಮೂರು ದಿನ ಬಿಟ್ಟು ಇನ್ನೊಂದು ಕಾಲು ಕುಂಟಿದರೆ, ಜೊತೆಗೆ ಜ್ವರ, ಮಂಕು ಇದ್ದರೆ ಉಣ್ಣಿಯನ್ನು ಹುಡುಕಿ. ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಕತ್ತುಪಟ್ಟಿಯ ಕೆಳಗೆ. ನಾಯಿಯ ಕಂದು ಉಣ್ಣಿ ಹೊಲದಿಂದಷ್ಟೇ ಬರುವುದಿಲ್ಲ, ಮನೆಯ ಗೋಡೆಯ ಬಿರುಕಿನಲ್ಲೇ ಸಾವಿರಾರು ಮೊಟ್ಟೆಯಿಟ್ಟು ಸಂಸಾರ ಹೂಡುತ್ತದೆ. ಕಲ್ಲುಗೋಡೆಯ ಹಳೇ ಮನೆಗಳಲ್ಲಿ ಅದಕ್ಕೆ ಜಾಗಕ್ಕೇನೂ ಕೊರತೆಯಿಲ್ಲ. ಅದು ಹರಡುವ ಎರ್ಲಿಕಿಯಾ ಸೋಂಕು ಕೀಲುಗಳನ್ನು ನೋಯಿಸುತ್ತದೆ, ಮೂಗಿನಿಂದ ರಕ್ತ ಬರಿಸಬಹುದು. ಬಬೇಸಿಯಾ ಒಸಡನ್ನು ಬಿಳಿಚಿಸಿ ಉಚ್ಚೆಯನ್ನು ಕಡುಬಣ್ಣಕ್ಕೆ ತಿರುಗಿಸುತ್ತದೆ. ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ ಇವಕ್ಕೆ ಮೊದಲ ಮೆಟ್ಟಿಲು. ಅದನ್ನು ಕೇಳಿ ಮಾಡಿಸಿಕೊಳ್ಳಿ. ಎರ್ಲಿಕಿಯಾಕ್ಕೆ ಡಾಕ್ಸಿಸೈಕ್ಲಿನ್ ಗುಳಿಗೆಯನ್ನು ಸಾಮಾನ್ಯವಾಗಿ 28 ದಿನ ಕೊಡುತ್ತಾರೆ. ವಾರದಲ್ಲಿ ನಾಯಿ ಚುರುಕಾಯಿತೆಂದು ನಿಲ್ಲಿಸಿದರೆ ಸೋಂಕು ಒಳಗೇ ಉಳಿಯುತ್ತದೆ. ಉಣ್ಣಿಗೆ ಸೀಮೆಎಣ್ಣೆ ಹಚ್ಚುವುದು, ಬೆಂಕಿಕಡ್ಡಿ ತಾಗಿಸುವುದು ಬೇಡ. ಚಿಮುಟದಿಂದ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ.

ಹಲ್ಲಿನ ನೋವಿರುವ ನಾಯಿ ಒಂದೇ ಪಕ್ಕದಲ್ಲಿ ಅಗಿಯುತ್ತದೆ, ತುತ್ತನ್ನು ಬೀಳಿಸುತ್ತದೆ. ಕಣ್ಣಿನ ಕೆಳಗೆ ಊದಿಕೊಂಡರೆ ಮೇಲ್ದವಡೆಯ ದೊಡ್ಡ ಹಲ್ಲಿನ ಬೇರು ಕೀವಾಗಿರಬಹುದು. ಕುಂಡಿಯನ್ನು ನೆಲಕ್ಕೆ ಉಜ್ಜುತ್ತ ಹೋಗುವುದು, ಕುಳಿತದ್ದು ಫಕ್ಕನೆ ಚೀರಿ ಹಿಂದೆ ತಿರುಗಿ ನೋಡುವುದು ಜಂತುಹುಳದಿಂದಲೇ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಗುದದ ಎರಡೂ ಪಕ್ಕದ ಗ್ರಂಥಿ ತುಂಬಿಕೊಂಡಿರುವುದೇ ಅದಕ್ಕೆ ಹೆಚ್ಚಿನ ಕಾರಣ. ವೈದ್ಯರು ಎರಡು ನಿಮಿಷದಲ್ಲಿ ಹಿಂಡಿ ಖಾಲಿ ಮಾಡುತ್ತಾರೆ. ಪಗ್‌ನ ಉಬ್ಬುಗಣ್ಣು ಅರ್ಧ ಮುಚ್ಚಿ ನೀರು ಸುರಿಸಿದರೆ ಕಣ್ಣಿನಲ್ಲಿ ಹುಣ್ಣಾಗಿರುವ ಸಂಶಯ ಇರಲಿ. ಮನೆಯಲ್ಲಿ ಉಳಿದ ಮನುಷ್ಯರ ಕಣ್ಣಿನ ಹನಿಗಳಲ್ಲಿ ಸ್ಟೀರಾಯ್ಡ್ ಇದ್ದರೆ ಆ ಹುಣ್ಣು ಕಣ್ಣನ್ನೇ ತೂತು ಮಾಡಬಹುದು. ಇನ್ನು ಮದುವೆ, ಜಾತ್ರೆ ಮುಗಿದ ಮಾರನೇ ದಿನದ ಹೊಟ್ಟೆನೋವು. ಮಾಂಸದ ಕೊಬ್ಬು, ತುಪ್ಪ ಸುರಿದ ಹೋಳಿಗೆ ತಿಂದ ನಾಯಿ ವಾಂತಿ ಮಾಡುತ್ತ, ಮುಂಗಾಲು ನೆಲಕ್ಕೆ ಚಾಚಿ ಹಿಂಭಾಗ ಎತ್ತಿ ನಮಸ್ಕಾರದ ಭಂಗಿಯಲ್ಲಿ ನಿಂತರೆ ಮೇದೋಜೀರಕ ಗ್ರಂಥಿ ಊದಿರಬಹುದು. ಅದನ್ನು ಮನೆಮದ್ದಿನಿಂದ ನಿಭಾಯಿಸಲಾಗದು.

ಮನೆಯ ಗುಳಿಗೆ ಕೊಡಬೇಡಿ

ಈ ಲೇಖನದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ. ಮನುಷ್ಯರ ನೋವಿನ ಗುಳಿಗೆ ಸಣ್ಣ ನಾಯಿಗೆ ವಿಷ. ಲೆಕ್ಕ ಹಾಕಿ ನೋಡಿ. ಐದು ಕಿಲೋ ನಾಯಿಗೆ 650 ಮಿಲಿಗ್ರಾಂನ ಒಂದು ಪ್ಯಾರಾಸಿಟಮಾಲ್ ಕೊಟ್ಟರೆ ಕಿಲೋಗೆ 130 ಮಿಲಿಗ್ರಾಂ ಆಯಿತು. ಅದು ಲಿವರಿಗೆ ಪೆಟ್ಟು ಕೊಡುವ ಪ್ರಮಾಣ. 400 ಮಿಲಿಗ್ರಾಂನ ಐಬುಪ್ರೊಫೆನ್ ಒಂದೇ ಒಂದು ಸಾಕು, ಹೊಟ್ಟೆಯ ಒಳಪದರ ಹುಣ್ಣಾಗಿ ರಕ್ತ ಸುರಿಯಲು. ಮೆಲಾಕ್ಸಿಕಾಂ ನಾಯಿಗಳಿಗೂ ಕೊಡುವ ಔಷಧವೇ, ಆದರೆ ಐದು ಕಿಲೋ ನಾಯಿಗೆ ವೈದ್ಯರು ದಿನಕ್ಕೆ ಕೊಡುವುದು ಅರ್ಧ ಮಿಲಿಗ್ರಾಂ, ಮೊದಲ ದಿನ ಮಾತ್ರ ಒಂದು. ಅಂಗಡಿಯಲ್ಲಿ ಸಿಗುವ ಮನುಷ್ಯರ ಗುಳಿಗೆ 15 ಮಿಲಿಗ್ರಾಂನದು, ಮೂವತ್ತು ದಿನದ ಔಷಧ ಒಂದೇ ಗುಟುಕಿನಲ್ಲಿ. ಮುರಿದು ಕೊಡಿ ಎಂದು ಈ ಲೆಕ್ಕ ಹೇಳಿದ್ದಲ್ಲ. ವಾಂತಿಯಾಗುತ್ತಿರುವ, ನೀರು ಬಿಟ್ಟಿರುವ, ಕಿಡ್ನಿ ಸೋತಿರುವ ನಾಯಿಗೆ ಸರಿಯಾದ ಪ್ರಮಾಣವೂ ಅಪಾಯ.

ಡೈಕ್ಲೊಫೆನಾಕ್‌ನ ಕಥೆ ಎಲ್ಲರಿಗೂ ತಿಳಿದಿರಬೇಕು. ದನಗಳಿಗೆ ಕೊಟ್ಟ ಆ ಔಷಧ ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ರಣಹದ್ದುಗಳ ಕಿಡ್ನಿ ಕೆಟ್ಟು ದೇಶದ ರಣಹದ್ದುಗಳೇ ಬರಿದಾದವು. 2006ರಲ್ಲಿ ಕೇಂದ್ರ ಸರ್ಕಾರ ಪ್ರಾಣಿಗಳಿಗೆ ಅದರ ಬಳಕೆಯನ್ನು ನಿಷೇಧಿಸಿತು. 2023ರಲ್ಲಿ ಕೀಟೊಪ್ರೊಫೆನ್ ಮತ್ತು ಅಸೆಕ್ಲೊಫೆನಾಕ್ ಕೂಡ ನಿಷೇಧವಾದವು. ಮನುಷ್ಯರ ಔಷಧದಂಗಡಿಯಲ್ಲಿ ಮಾತ್ರ ಇವು ಈಗಲೂ ಸಿಗುತ್ತವೆ. ನಾಯಿಯ ಹೊಟ್ಟೆ ಮತ್ತು ಕಿಡ್ನಿಗೂ ಇವು ಒಳ್ಳೆಯವಲ್ಲ.

ನೋವಿನ ಮುಲಾಮು, ಬಾಮ್ ಹಚ್ಚಬೇಡಿ, ನಾಯಿ ಅದನ್ನು ನೆಕ್ಕಿ ನುಂಗುತ್ತದೆ. ಯಾರಾದರೂ ಈಗಾಗಲೇ ಗುಳಿಗೆ ಕೊಟ್ಟಿದ್ದರೆ ಸಂಕೋಚ ಬಿಟ್ಟು ವೈದ್ಯರಿಗೆ ಹೇಳಿ. ಯಾವುದು, ಎಷ್ಟು ಮಿಲಿಗ್ರಾಂ, ಎಷ್ಟು ಗಂಟೆಗೆ, ಜೊತೆಗೆ ಆ ಗುಳಿಗೆಯ ಪಟ್ಟಿಯನ್ನೂ ಒಯ್ಯಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಸಣ್ಣ ದೇಹಕ್ಕೆ ಆ ಉಪ್ಪೇ ವಿಷವಾಗುತ್ತದೆ.

ಯಾವುದು ಈಗಲೇ, ಯಾವುದು ಬೆಳಿಗ್ಗೆ

ಹುಮನಾಬಾದಿನಿಂದ ಬೀದರ್ ಸುಮಾರು 50 ಕಿಲೋಮೀಟರ್, ಬಸವಕಲ್ಯಾಣದಿಂದ ಸುಮಾರು 80. ರಾತ್ರಿ ಹತ್ತಕ್ಕೆ ನಾಯಿ ಚೀರಿದಾಗ ಗಾಡಿ ಮಾಡಬೇಕೋ ಬೇಡವೋ ಎಂಬುದು ಇಲ್ಲಿ ಸಣ್ಣ ಪ್ರಶ್ನೆಯಲ್ಲ.

ಹಿಂಗಾಲು ಎಳೆಯುತ್ತಿದ್ದರೆ ಹೊರಡಿ. ಉಚ್ಚೆಗೆ ಪದೇ ಪದೇ ಕುಳಿತು ಹನಿಯೂ ಬರದಿದ್ದರೆ ಹೊರಡಿ. ಗಂಡುನಾಯಿಯಲ್ಲಿ ಕಲ್ಲು ಸಿಕ್ಕಿಕೊಂಡಿದ್ದರೆ ಒಂದೆರಡು ದಿನದಲ್ಲಿ ಜೀವ ಹೋಗಬಹುದು. ಸಂತಾನಹರಣ ಮಾಡಿಸದ ಹೆಣ್ಣುನಾಯಿ ಬೆದೆಗೆ ಬಂದು ಒಂದೆರಡು ತಿಂಗಳಲ್ಲಿ ವಿಪರೀತ ನೀರು ಕುಡಿಯುತ್ತ, ಊಟ ಬಿಟ್ಟು, ಹೊಟ್ಟೆ ಮುಟ್ಟಿಸಿಕೊಳ್ಳದಿದ್ದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು, ಹೊರಡಿ. ಮರಿ ಹಾಕಿದ ಸಣ್ಣ ತಾಯಿನಾಯಿ ಮೊದಲ ವಾರಗಳಲ್ಲಿ ನಡುಗಿ, ಕಾಲು ಸೆಟೆದು, ಏದುಸಿರು ಬಿಟ್ಟರೆ ಅದು ರಕ್ತದಲ್ಲಿ ಸುಣ್ಣದಂಶ ಕುಸಿದ ಲಕ್ಷಣ. ಮರಿಗಳನ್ನು ಬೇರೆ ಮಾಡಿ ಹತ್ತಿರದಲ್ಲಿ ಸಿಗುವ ಯಾವುದೇ ಪಶುವೈದ್ಯರ ಬಳಿ ಓಡಿ. ಹಸುಗಳ ಹಾಲುಜ್ವರ ಕಂಡಿರುವ ವೈದ್ಯರಿಗೆ ಇದು ಹೊಸದಲ್ಲ, ಕ್ಯಾಲ್ಸಿಯಂ ಅವರ ಬಳಿಯೇ ಇರುತ್ತದೆ. ಒಸಡು ಬಿಳಿಚಿದ್ದರೆ, ಹೊಟ್ಟೆ ಉಬ್ಬಿ ವಾಂತಿ ಬಾರದೆ ಓಕರಿಸುತ್ತಿದ್ದರೆ, ಗುದದ್ವಾರದಲ್ಲಿ ಅಳೆದ ಜ್ವರ 104 ಫ್ಯಾರನ್‌ಹೀಟ್ ದಾಟಿದ್ದರೆ ಹೊರಡಿ. ಸಹಜ ತಾಪ 101ರಿಂದ 102.5.

ಕುಂಟುತ್ತಿದ್ದರೂ ತಿಂದು, ಕುಡಿದು, ಉಚ್ಚೆ ಹೊಯ್ದು, ಹೆಸರು ಕರೆದರೆ ಬಾಲ ಆಡಿಸುವ ನಾಯಿಯನ್ನು ಜಿಗಿಯದಂತೆ ಕಟ್ಟಿಹಾಕಿ ಬೆಳಿಗ್ಗೆ ಒಯ್ಯಬಹುದು. ಎತ್ತುವಾಗ ಒಂದು ಕೈ ಎದೆಯಡಿ, ಇನ್ನೊಂದು ಕುಂಡಿಯಡಿ, ಬೆನ್ನು ನೆಲಕ್ಕೆ ಸಮನಾಗಿರಲಿ. ಬೆನ್ನುನೋವಿನ ಸಂಶಯವಿದ್ದರೆ ಹಲಗೆಯ ಮೇಲೋ ಗಟ್ಟಿ ರಟ್ಟಿನ ಪೆಟ್ಟಿಗೆಯಲ್ಲೋ ಮಲಗಿಸಿ ಒಯ್ಯಿರಿ. ಕಚ್ಚುವ ಭಯವಿದ್ದರೆ ಬ್ಯಾಂಡೇಜ್ ಪಟ್ಟಿಯಿಂದ ಮೂತಿಗೆ ಒಂದು ಸುತ್ತು ಹಾಕಿ, ಗದ್ದದಡಿ ದಾಟಿಸಿ, ಕಿವಿಯ ಹಿಂದೆ ಬಿಚ್ಚುವ ಗಂಟು ಹಾಕಿ. ಪಗ್, ಶಿ ತ್ಸುವಿನಂಥ ಮೊಂಡುಮೂಗಿನ ನಾಯಿಗಾಗಲಿ, ವಾಂತಿ ಮಾಡುತ್ತಿರುವ ಇಲ್ಲವೇ ಏದುಸಿರು ಬಿಡುತ್ತಿರುವ ನಾಯಿಗಾಗಲಿ ಮೂತಿ ಕಟ್ಟಲೇಬಾರದು.

ಎಲ್ಲಿಗೆ

ಮೊದಲು ನಿಮ್ಮ ಊರಿನ ಪಶು ಆಸ್ಪತ್ರೆಯೇ. ಜ್ವರ, ಮುಳ್ಳು, ಕಿವಿ, ಗ್ರಂಥಿ ಇಂಥವು ಅಲ್ಲೇ ಪರಿಹಾರವಾಗುತ್ತವೆ. ಹಳ್ಳಿಯಲ್ಲಿರುವವರು ಪಶು ಸಂಜೀವಿನಿ ಸಹಾಯವಾಣಿ 1962ಕ್ಕೆ ಕರೆ ಮಾಡಿ ಸಲಹೆ ಕೇಳಬಹುದು. ಅದರ ಸಂಚಾರಿ ಚಿಕಿತ್ಸಾ ವಾಹನಗಳು ಮುಖ್ಯವಾಗಿ ರೈತರ ಜಾನುವಾರುಗಳಿಗಾಗಿ ಇವೆ ಎಂಬುದು ನೆನಪಿರಲಿ. ಎರಡು ಭೇಟಿಯಲ್ಲೂ ಕಾರಣ ಸಿಗದಿದ್ದರೆ ಮೂರನೇ ಸೂಜಿ ಮಾಡಿಸುವ ಬದಲು ಬೀದರಿಗೆ ಹೋಗಿ. ಇಡೀ ರಾಜ್ಯಕ್ಕೆ ಪಶುವೈದ್ಯರನ್ನು ತಯಾರು ಮಾಡುವ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ, 2004ರ ಕಾಯ್ದೆಯಡಿ ಸ್ಥಾಪನೆಯಾದದ್ದು, ಇರುವುದು ನಮ್ಮ ಜಿಲ್ಲೆಯಲ್ಲೇ, ಬೀದರಿನ ನಂದಿನಗರದಲ್ಲಿ. ಅಲ್ಲಿನ ಪಶುವೈದ್ಯಕೀಯ ಕಾಲೇಜಿನ ಬೋಧನಾ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ, ಔಷಧ, ಸ್ತ್ರೀರೋಗ ಬೇರೆ ಬೇರೆ ವಿಭಾಗಗಳ ಅಧ್ಯಾಪಕರೇ ನೋಡುತ್ತಾರೆ. ಈ ಅನುಕೂಲ ನಮಗೆ ಒಂದೆರಡು ಗಂಟೆಯ ದಾರಿ. ಬಳಸಿಕೊಳ್ಳದಿರುವುದು ನಷ್ಟ. ಹೊರಡುವ ಮೊದಲು ಫೋನ್ ಮಾಡಿ ಸಮಯ ಕೇಳಿಕೊಳ್ಳಿ. ಬೆನ್ನುಹುರಿಯ ಎಂಆರ್‌ಐ ಬೇಕಾದರೆ ಹೈದರಾಬಾದಿನಂಥ ದೊಡ್ಡ ಊರಿಗೇ ಹೋಗಬೇಕಾಗುತ್ತದೆ. ಡಿಸ್ಕ್ ಬಿರಿದದ್ದು ಸಾಮಾನ್ಯ ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣದು, ಆದ್ದರಿಂದ 'ಎಕ್ಸ್‌ರೇ ಚೆನ್ನಾಗಿದೆ' ಎಂದರೆ ಬೆನ್ನು ಸರಿಯಿದೆ ಎಂದು ತೀರ್ಮಾನಿಸಬೇಡಿ.

ಪ್ರತಿ ಬಾರಿ ಕೊಟ್ಟ ಸೂಜಿಯ ಹೆಸರನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಇದು ಶಿಷ್ಟಾಚಾರದ ಮಾತಲ್ಲ. ಒಬ್ಬರು ಸ್ಟೀರಾಯ್ಡ್ ಕೊಟ್ಟಿರುವುದು ಗೊತ್ತಿಲ್ಲದೆ ಇನ್ನೊಬ್ಬರು ಮೆಲಾಕ್ಸಿಕಾಂ ಕೊಟ್ಟರೆ ನಾಯಿಯ ಹೊಟ್ಟೆ ಕರುಳಿನಲ್ಲಿ ಹುಣ್ಣಾಗಿ ತೂತೇ ಬೀಳಬಹುದು. ಔಷಧ ಎಷ್ಟು ದಿನ, ಊಟದ ಜೊತೆಗೋ, ವಾಂತಿಯಾದರೆ ಅಥವಾ ಹೇಲು ಕಪ್ಪಾದರೆ ಏನು ಮಾಡಬೇಕು, ಮತ್ತೆ ಯಾವಾಗ ತೋರಿಸಬೇಕು ಎಂದು ಕೇಳಿ. ವೈದ್ಯರಿಗೆ ಬೇಸರವಾಗುತ್ತದೆ ಎಂಬ ಅಂಜಿಕೆ ಬೇಡ. ಕೇಳಿ ತಿಳಿದುಕೊಂಡು ಮಾಡುವ ಮನೆಯವರು ಸಿಕ್ಕರೆ ಅವರ ಕೆಲಸವೇ ಹಗುರ.

ನಾಯಿ ಆರೋಗ್ಯವಾಗಿರುವ ಇವತ್ತೇ ಒಂದು ಕೆಲಸ ಮಾಡಿಡಿ. ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ನಿಮ್ಮ ತೂಕ ಕಳೆದು ಅದರ ತೂಕ ಬರೆದಿಡಿ. ಗಾಢ ನಿದ್ದೆಯಲ್ಲಿರುವಾಗ ನಿಮಿಷಕ್ಕೆ ಎಷ್ಟು ಉಸಿರು ಎಂದು ಎಣಿಸಿ ಅದನ್ನೂ ಬರೆಯಿರಿ, ಮೂವತ್ತರೊಳಗಿರಬೇಕು. ಕೊನೆಯ ರೇಬೀಸ್ ಲಸಿಕೆಯ ತಾರೀಖು, ಊರಿನ ಪಶುವೈದ್ಯರ ನಂಬರು, ಬೀದರ್ ಆಸ್ಪತ್ರೆಯ ನಂಬರು ಅದೇ ಹಾಳೆಯಲ್ಲಿರಲಿ. ಆ ಹಾಳೆಯನ್ನು ಮನೆಯ ಎಲ್ಲರಿಗೂ ಕಾಣುವ ಕಡೆ ಅಂಟಿಸಿ.